ವಕೀಲರ ಉತ್ತರ: ಬೌನ್ಸ್ ಆದ ಚೆಕ್, ಅಣ್ಣಂದಿರ ಹೆಸರಿನ ಖಾತೆ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ. ಮಾವಿನ ಫಸಲು ಕೊಂಡ ವ್ಯಾಪಾರಿ ಕೊಟ್ಟ 2,40,000 ರೂಪಾಯಿಯ ಚೆಕ್ ಬೌನ್ಸ್ ಆಗಿದೆ. ಚೆಕ್ ವಾಪಸಾಗಿದೆ ಎಂಬ ಬ್ಯಾಂಕಿನ ಹಿಂಬರಹ ಕೈಗೆ ಬಂದು 20 ದಿನವಾಯಿತು. ‘ಮುಂದಿನ ವಾರ ಕೊಡ್ತೀನಿ’ ಅಂತಲೇ ದಿನ ತಳ್ಳುತ್ತಿದ್ದಾರೆ. ಪೊಲೀಸರಿಗೆ ದೂರು ಕೊಡಲೇ?

ಉತ್ತರ: ಠಾಣೆಗೆ ಅಲೆಯಬೇಡಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸನ್ನು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನೀವೇ ಹೂಡಬೇಕು. ನಿಮ್ಮ ಖಾತೆ ಶ್ರೀನಿವಾಸಪುರದ ಶಾಖೆಯಲ್ಲಿದ್ದರೆ ಕೇಸೂ ಅಲ್ಲೇ. ವ್ಯಾಪಾರಿ ಯಾವ ಊರಿನವರಾದರೂ ನೀವು ಅವರೂರಿಗೆ ಓಡಾಡಬೇಕಿಲ್ಲ.

ಆದರೆ ಹಿಂಬರಹ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ನಿಮಗೆ ಉಳಿದಿರುವುದು ಹತ್ತೇ ದಿನ. ಎಷ್ಟೋ ಕೇಸು ಕೆಡುವುದು ಇಲ್ಲೇ, ಬಾಯಿಮಾತು ನಂಬಿ. ನೋಟಿಸಿನಲ್ಲಿ ಚೆಕ್ಕಿನ ಮೊತ್ತ ಒಂದು ಅಂಕಿಯೂ ತಪ್ಪದಂತಿರಲಿ. ಬಡ್ಡಿ, ನೋಟಿಸ್ ಖರ್ಚು ಕೇಳುವುದಾದರೆ ಬೇರೆಯಾಗಿ ಬರೆಸಿ, ಅದರೊಳಗೆ ಸೇರಿಸಬೇಡಿ. ಚೆಕ್ ಬ್ಯಾಂಕಿಗೆ ಹಾಕುವ ಮೊದಲೇ ಸ್ವಲ್ಪ ಹಣ ಬಂದಿದ್ದರೆ, ಅದನ್ನು ಮುಚ್ಚಿಟ್ಟು ಪೂರ್ತಿ ಮೊತ್ತ ಕೇಳಿದರೆ ಕೇಸು ನಿಲ್ಲುವುದಿಲ್ಲ. ಸರಿಯಾದ ವಿಳಾಸಕ್ಕೆ ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಅವರು ಬೇಕೆಂದೇ ನಿರಾಕರಿಸಿದರೂ ನೋಟಿಸ್ ತಲುಪಿದಂತೆಯೇ ಲೆಕ್ಕ.

ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ದೂರು ತಡವಾದರೆ ತಕ್ಕ ಕಾರಣ ತೋರಿಸಿ ಕೋರ್ಟಿನ ಮನ್ನಣೆ ಕೇಳಬಹುದು, ನೋಟಿಸ್ ತಡವಾದರೆ ಆ ದಾರಿಯೂ ಇಲ್ಲ. ಅಕಸ್ಮಾತ್ ಈ ಹತ್ತು ದಿನ ತಪ್ಪಿದರೆ, ಚೆಕ್ಕಿನ ತಾರೀಖಿನಿಂದ 3 ತಿಂಗಳಾಗಿರದಿದ್ದಲ್ಲಿ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ ಹೊಸದಾಗಿ 30 ದಿನ ಸಿಗುತ್ತದೆ. ಮಾವು ತೂಗಿದ ಚೀಟಿಗಳನ್ನೂ ಎಸೆಯಬೇಡಿ. ಸಾಲವೇ ಇರಲಿಲ್ಲ ಎಂದು ಅವರು ವಾದಿಸಿದರೆ ಅವೇ ನಿಮ್ಮ ಆಧಾರ.

ಪ್ರಶ್ನೆ: ಗುಬ್ಬಿ ತಾಲ್ಲೂಕಿನಲ್ಲಿ ಅಜ್ಜನ ಕಾಲದ ಜಮೀನಿದೆ. ತಂದೆ 2011ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಅಣ್ಣಂದಿರು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಂಡಿದ್ದಾರೆ. ನನ್ನ ಮದುವೆ 1988ರಲ್ಲಿ ಆಯಿತು, ಹಾಗಾಗಿ ಪಾಲಿಲ್ಲ ಅನ್ನುತ್ತಾರೆ. ನಿಜವೇ?

ಉತ್ತರ: ಅಲ್ಲ. ಈ ಮಾತು ಹುಟ್ಟಿದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ಹಳೆಯ ತಿದ್ದುಪಡಿಯಿಂದ. 1994ರಲ್ಲಿ ಜಾರಿಗೆ ಬಂದ ಅದು, ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರವಾಗಿದ್ದರೆ ಮಾತು ಬೇರೆ.

ಖಾತೆ ಕಂದಾಯದ ದಾಖಲೆಯಷ್ಟೇ, ಅದರಿಂದ ನಿಮ್ಮ ಹಕ್ಕು ಹೋಗದು. ಪಹಣಿ, ಮ್ಯುಟೇಶನ್ ಪ್ರತಿ, ವಂಶವೃಕ್ಷ, ಋಣಭಾರ ಪತ್ರ ತೆಗೆಸಿ, ಸಿವಿಲ್ ಕೋರ್ಟಿನಲ್ಲಿ ವಿಭಾಗ ದಾವೆ ಹಾಕಿ. ಜಮೀನು ಮಾರದಂತೆ ತಡೆಯಾಜ್ಞೆಯನ್ನೂ ಕೇಳಿ. ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಅಷ್ಟರೊಳಗೆ ‘ಬರೀ ಒಂದು ಸಹಿ’ ಎಂದು ಯಾರೇ ಕಾಗದ ತಂದರೂ ಓದಿಸದೆ ಹೆಬ್ಬೆಟ್ಟು ಒತ್ತಬೇಡಿ. ಅದು ಹಕ್ಕು ಬಿಡುಗಡೆ ಪತ್ರವಾಗಿದ್ದು ನೋಂದಣಿಯಾದರೆ, ರದ್ದುಪಡಿಸಲು ಬೇರೆಯೇ ಹೋರಾಟ ಬೇಕಾಗುತ್ತದೆ.