ಮಳೆಯಿಲ್ಲದೆ ಕೆರೆಯ ಒಂದು ದಡದಲ್ಲಿ ನೀರೇರುವುದೇಕೆ?

ಪ್ರಶ್ನೆ: ಆಷಾಢದ ಗಾಳಿಗೆ ಸೂಳೆಕೆರೆಯ ಮೂಡಣ ದಡದಲ್ಲಿ ನೀರು ಮೇಲೇರುತ್ತದೆ. ಮಳೆ ಬಿದ್ದಿರುವುದಿಲ್ಲ, ಹಳ್ಳವೂ ಬಂದಿರುವುದಿಲ್ಲ. ಗಾಳಿ ನಿಂತರೆ ಇಳಿಯುತ್ತದೆ. ಕೆರೆಯ ಮಟ್ಟ ನಿಜಕ್ಕೂ ಏರುತ್ತದೆಯೇ?
– ಓದುಗರು, ಚನ್ನಗಿರಿ ತಾಲ್ಲೂಕು

ಉತ್ತರ: ಏರುತ್ತದೆ, ಆದರೆ ಕಣ್ಣಿಗೆ ಕಂಡಷ್ಟಲ್ಲ. ಪಡುವಣ ಗಾಳಿ ಮೇಲಿನ ನೀರನ್ನು ಉಜ್ಜಿಕೊಂಡು ಮೂಡಣಕ್ಕೆ ತಳ್ಳುತ್ತದೆ. ಅಲ್ಲಿ ಏರಿದಷ್ಟೇ ಪಡುವಣ ದಡದಲ್ಲಿ ಇಳಿಯುತ್ತದೆ. ಗಾಳಿಯ ನೇರಕ್ಕೆ 5 ಕಿ.ಮೀ. ನೀರು, ಸರಾಸರಿ 3 ಮೀಟರ್ ಆಳ, ಗಂಟೆಗೆ 36 ಕಿ.ಮೀ. ಗಾಳಿ ಎಂದಿಟ್ಟುಕೊಂಡರೆ ಎರಡು ದಡಗಳ ಅಂತರ ಸುಮಾರು ಎರಡೂವರೆ ಸೆಂ.ಮೀ. ಗಾಳಿಯ ವೇಗ ಇಮ್ಮಡಿಯಾದರೆ ಅಂತರ ನಾಲ್ಕು ಪಟ್ಟು. ಆಳ ಅರ್ಧಕ್ಕಿಳಿದರೆ ಎರಡು ಪಟ್ಟು. ಹಾಗಾಗಿ ಹೂಳು ತುಂಬಿದ ಕೆರೆಯಲ್ಲೇ ಇದು ಹೆಚ್ಚು. ನೀವು ಕಂಡ ಉಳಿದ ಏರಿಕೆ, ಅಲೆ ದಡಕ್ಕೆ ಹತ್ತುವುದು. ಗಾಳಿ ತಟ್ಟನೆ ನಿಂತರೆ ನೀರು ಒಮ್ಮೆಗೇ ಸಮವಾಗುವುದಿಲ್ಲ. ಮೇಲಿನ ಅಳತೆಯ ಕೆರೆಯಲ್ಲಿ ಅರ್ಧ ಗಂಟೆಗೊಮ್ಮೆ ಆ ದಡಕ್ಕೂ ಈ ದಡಕ್ಕೂ ತೂಗುತ್ತದೆ. ಅಮೆರಿಕ–ಕೆನಡಾ ಗಡಿಯ ಈರೀ ಸರೋವರ ಸುಮಾರು 388 ಕಿ.ಮೀ. ಉದ್ದ, ಸರಾಸರಿ ಆಳ ಬರೀ 19 ಮೀಟರ್. ಬಿರುಗಾಳಿಯಲ್ಲಿ ಅದರ ಎರಡು ತುದಿಗಳ ಅಂತರ 2 ಮೀಟರ್ ಮೀರುವುದುಂಟು. ಒಂದು ತೂಗಾಟಕ್ಕೆ ಸುಮಾರು 14 ಗಂಟೆ.

ಎರಡೂವರೆ ಸೆಂ.ಮೀ. ಎಂದು ತಳ್ಳಿಹಾಕಬೇಡಿ. ತುಂಬಿದ ಸೂಳೆಕೆರೆಯ ಹರವು ಸುಮಾರು 27 ಚದರ ಕಿ.ಮೀ. ನೀರಿನ ಮಟ್ಟ ತೋರುವ ಮಾಪಕದ ಓದು 1 ಸೆಂ.ಮೀ. ತಪ್ಪಿದರೂ ಲೆಕ್ಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಘನ ಮೀಟರ್ ನೀರು ತಪ್ಪುತ್ತದೆ. ಬೆಳಗಿನ ಜಾವ, ಗಾಳಿ ಏಳುವ ಮೊದಲೇ ಓದುವುದು ಮೇಲು.

ಗಾಳಿಯಲ್ಲೇ ಅಳೆಯಬೇಕಾದರೆ 4 ಇಂಚಿನ ಪಿವಿಸಿ ಪೈಪನ್ನು ಕೆರೆಯ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ, ಅದರೊಳಗಿನ ನೀರಿನ ಮಟ್ಟ ಓದಿ. ಬುಡಕ್ಕೆ ಮುಚ್ಚಳ ಹಾಕಿ, ಹೂಳಿಗಿಂತ ಒಂದಡಿ ಮೇಲೆ 5 ಮಿ.ಮೀ.ನ ಒಂದೇ ತೂತು ಕೊರೆಯಿರಿ. ಮೇಲುತುದಿಯಲ್ಲಿ ಗಾಳಿಯಾಡಲು ಇನ್ನೊಂದು. ಎರಡು ಸೆಕೆಂಡಿನ ಅಲೆ ಒಳಗೆ ಮುಟ್ಟದು, ನಿಧಾನದ ಏರಿಳಿತ ಮಾತ್ರ ಮುಟ್ಟುತ್ತದೆ. ಕೆಡುವುದು ಒಂದೇ ಕಡೆ: ಪಾಚಿ ಬೆಳೆದು ತೂತು ಮುಚ್ಚುತ್ತದೆ. ವಾರಕ್ಕೊಮ್ಮೆ ಒಂದೂವರೆ ಲೀಟರ್ ನೀರು ಪೈಪಿಗೆ ಸುರಿಯಿರಿ. ಹೆಚ್ಚುಕಡಿಮೆ ಒಂದು ಗೇಣು ಏರಿದ ನೀರು ಎರಡು-ಮೂರು ನಿಮಿಷದಲ್ಲಿ ಇಳಿಯಬೇಕು. ಇಳಿಯದಿದ್ದರೆ ತೂತಿಗೆ ತಂತಿ ಆಡಿಸಿ.

ಪ್ರಶ್ನೆ: ವಾಣಿವಿಲಾಸ ಸಾಗರದಲ್ಲಿ ಬಲೆಯ ಬೆಂಡು ಗಾಳಿಯ ಜೊತೆ ಹೋದರೆ ಬುಡ ಎದುರು ದಿಕ್ಕಿಗೆ ಜಗ್ಗುತ್ತದೆ. ಏಕೆ?
– ಓದುಗರು, ಹಿರಿಯೂರು

ಉತ್ತರ: ಮೇಲ್ಪದರದ ನೀರು ಗಾಳಿಯ ವೇಗದ ನೂರಕ್ಕೆ ಎರಡು-ಮೂರು ಪಾಲಿನಷ್ಟು ವೇಗದಲ್ಲಿ ಗಾಳಿಯ ಜೊತೆ ಹೋಗುತ್ತದೆ. ಹಾಗೆ ಹೋಗಿ ದಡಕ್ಕೆ ಒಟ್ಟಿದ ನೀರು ಹಿಂದಿರುಗಲೇಬೇಕು. ಆಳವಿರುವ ನಡುಭಾಗದಲ್ಲಿ ತಳದ ಕಡೆಯಿಂದ ಹಿಂದಿರುಗುತ್ತದೆ. ಅಂಚಿನ ಆಳವಿಲ್ಲದ ಜಾಗದಲ್ಲಿ ಮಾತ್ರ ಮೇಲಿನಿಂದ ತಳದವರೆಗೂ ಗಾಳಿಯದೇ ದಾರಿ. ನಡುವೆ ಬಲೆಯನ್ನು ಗಾಳಿಗೆ ಅಡ್ಡ ಕಟ್ಟಿದರೆ ಮೇಲೊಂದು ಕಡೆ, ಕೆಳಗೊಂದು ಕಡೆ ಎಳೆದು ಓರೆಯಾಗಿ ಮಲಗುತ್ತದೆ. ಗಾಳಿಯ ಉದ್ದಕ್ಕೆ ಕಟ್ಟಿ.