ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಬ್ಯಾಕಪ್ ಆಗುವುದಿಲ್ಲ

ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಉಬುಂಟು ಲಿನಕ್ಸ್ ಹಾಕುವಾಗ ಡಿಸ್ಕ್ ಫಿಕ್ಸೆಡ್ (ಪೂರ್ತಿ ಜಾಗ ಮೊದಲೇ ಹಿಡಿಯುವುದು) ಇರಲೋ ಡೈನಾಮಿಕ್ (ಬೇಕಾದಂತೆ ಬೆಳೆಯುವುದು) ಇರಲೋ ಅಂತ ಕೇಳಿದ್ದೀರಿ. ಡೈನಾಮಿಕ್ ಇಡಿ, ಅದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನಿಲ್ಲ. ನನಗೆ ಭಯವಾಗಿದ್ದು ನಿಮ್ಮ ಕೊನೆಯ ಸಾಲು ಓದಿ: "ಇನ್‌ಸ್ಟಾಲ್ ಆದ ತಕ್ಷಣ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಬ್ಯಾಕಪ್ ಚಿಂತೆ ಇಲ್ಲ ಅಲ್ವಾ?" ಸ್ನ್ಯಾಪ್‌ಶಾಟ್ ಅಂದರೆ ಬೇಕಾದಾಗ ಮರಳಲು ಆ ಕ್ಷಣದ ಸ್ಥಿತಿಯನ್ನು ಗುರುತಿಸಿಡುವುದು. ಅದೇ ಬ್ಯಾಕಪ್ ಅಂತ ನಾನೂ ನಂಬಿದ್ದೆ. ಇಡೀ ಪ್ರಾಜೆಕ್ಟ್ ಕಳೆದುಕೊಂಡೆ.

ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ಕಾಲ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಅದರೊಳಗಿನ ವಿಎಂನಲ್ಲಿ (ವರ್ಚುವಲ್ ಮೆಷಿನ್, ಅಂದರೆ ವರ್ಚುವಲ್‌ಬಾಕ್ಸ್ ನಡೆಸುವ ಆ ಒಳಗಿನ ಕಂಪ್ಯೂಟರ್) ಉಬುಂಟು. ಇನ್‌ಸ್ಟಾಲ್ ಮುಗಿದ ದಿನವೇ ಸ್ನ್ಯಾಪ್‌ಶಾಟ್ ತೆಗೆದೆ. ಆಮೇಲೆ ತಿಂಗಳುಗಟ್ಟಲೆ ಬರೆದ ಕೋಡ್, ಟಿಪ್ಪಣಿ, ಡೇಟಾಬೇಸ್ ಎಲ್ಲ ಆ ಉಬುಂಟು ಒಳಗೇ. ಒಂದು ದಿನ ಸಿ ಡ್ರೈವ್ ತುಂಬಿಹೋಗಿ ವಿಎಂ ಕೆಲಸದ ನಡುವೆಯೇ ನಿಂತುಬಿಟ್ಟಿತು. ಜಾಗ ಮಾಡೋಣ ಅಂತ ಅದನ್ನು ಮುಚ್ಚಿ, ವಿಎಂ ಫೋಲ್ಡರ್ ತೆರೆದೆ. ಅಲ್ಲಿ ವಿಎಂ ಹೆಸರಿನದೇ ಒಂದು ವಿಡಿಐ ಫೈಲ್, ಅಂದರೆ ವಿಎಂಗೆ ಡಿಸ್ಕ್ ಆಗಿ ಕಾಣುವ ಫೈಲ್. ಪಕ್ಕದಲ್ಲಿ ಸ್ನ್ಯಾಪ್‌ಶಾಟ್ಸ್ ಅನ್ನೋ ಫೋಲ್ಡರ್. ಅದರೊಳಗೆ ಆವರಣ ಚಿಹ್ನೆಗಳ ನಡುವೆ ಉದ್ದುದ್ದ ಅಂಕಿ-ಅಕ್ಷರ ಇರುವ ಇನ್ನೊಂದು ವಿಡಿಐ, ಮೊದಲನೆಯದಕ್ಕಿಂತ ದೊಡ್ಡದು. ಹಳೇ ಸ್ನ್ಯಾಪ್‌ಶಾಟೇ ಇಷ್ಟೊಂದು ಜಾಗ ತಿಂದಿದೆ ಅಂದುಕೊಂಡು ಶಿಫ್ಟ್ ಡಿಲೀಟ್ ಒತ್ತಿದೆ.

ವಿಎಂ ಶುರುವಾಗಲಿಲ್ಲ. ಅದನ್ನು ಪಟ್ಟಿಯಿಂದ ತೆಗೆದು, ಉಳಿದಿದ್ದ ವಿಡಿಐಯನ್ನು ಹೊಸ ವಿಎಂಗೆ ಜೋಡಿಸಿದೆ. ಬೂಟ್ ಆಯಿತು, ಆದರೆ ಹೋಮ್ ಫೋಲ್ಡರ್ ಖಾಲಿ. ಇನ್‌ಸ್ಟಾಲ್ ಮಾಡಿದ ದಿನ ಹೇಗಿತ್ತೋ ಹಾಗೇ ಇತ್ತು.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ಸ್ನ್ಯಾಪ್‌ಶಾಟ್ ತೆಗೆದಾಗ ವರ್ಚುವಲ್‌ಬಾಕ್ಸ್ ಡಿಸ್ಕಿನ ನಕಲು ಮಾಡುವುದಿಲ್ಲ. ಮೂಲ ವಿಡಿಐಗೆ ಬರೆಯುವುದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಗೆಸ್ಟ್ (ವಿಎಂ ಒಳಗಿನ ಉಬುಂಟು) ಬರೆಯುವುದೆಲ್ಲ ಸ್ನ್ಯಾಪ್‌ಶಾಟ್ಸ್ ಫೋಲ್ಡರಿನ ಹೊಸ ಫೈಲಿಗೆ ಹೋಗುತ್ತದೆ. ಓದುವಾಗ ಮೊದಲು ಆ ಹೊಸ ಫೈಲಿನಲ್ಲಿ ಹುಡುಕುತ್ತದೆ, ಅಲ್ಲಿ ಇಲ್ಲದ್ದನ್ನು ಮೂಲದಿಂದ ತೆಗೆಯುತ್ತದೆ. ಅಂದರೆ ಸ್ನ್ಯಾಪ್‌ಶಾಟ್ಸ್ ಫೋಲ್ಡರಿನಲ್ಲಿ ಇರುವುದು ಹಳೆಯದಲ್ಲ, ನಿಮ್ಮ ಇವತ್ತಿನ ಕೆಲಸ! ಹಳೆಯದು ಮೂಲ ಫೈಲಿನಲ್ಲಿದೆ. ಎರಡರಲ್ಲಿ ಯಾವುದು ಹಾಳಾದರೂ ಇವತ್ತಿನ ಕೆಲಸ ಹೋಯಿತು. ಎರಡೂ ಒಂದೇ ಎಸ್‌ಎಸ್‌ಡಿಯಲ್ಲಿ ಕೂತಿರುತ್ತವೆ ಬೇರೆ. ಇದನ್ನು ಬ್ಯಾಕಪ್ ಅನ್ನುವುದು ಹೇಗೆ?

ವಿಚಿತ್ರ ಏನಂದ್ರೆ, ಅದೇ ಸ್ನ್ಯಾಪ್‌ಶಾಟನ್ನು ವರ್ಚುವಲ್‌ಬಾಕ್ಸ್ ಮೆನುವಿನಿಂದ ಡಿಲೀಟ್ ಮಾಡಿದ್ದರೆ ಏನೂ ಹೋಗುತ್ತಿರಲಿಲ್ಲ. ಆಗ ಅದು ಎರಡು ಫೈಲುಗಳನ್ನು ಸೇರಿಸಿ ಒಂದು ಮಾಡುತ್ತದೆ, ಈಗಿನ ಸ್ಥಿತಿ ಹಾಗೇ ಉಳಿಯುತ್ತದೆ. ರಿಸ್ಟೋರ್ ಒತ್ತಿದರೆ ಮಾತ್ರ ಹಿಂದಕ್ಕೆ ಹೋಗುತ್ತೀರಿ.

ಇನ್ನು ಇನ್‌ಸ್ಟಾಲ್ ವಿಷಯ. ಡಿಸ್ಕ್ 25 ಜಿಬಿ ಸಾಕು ಅನ್ನುತ್ತಾರೆ, ನೀವು 40 ಕೊಡಿ. ಡೈನಾಮಿಕ್ ಆದ್ದರಿಂದ ಮೊದಲೇ ಅಷ್ಟೂ ಜಾಗ ಹಿಡಿಯುವುದಿಲ್ಲ. ಆದರೆ ಬೆಳೆದದ್ದು ತಾನಾಗಿ ಕುಗ್ಗುವುದಿಲ್ಲ, ಗೆಸ್ಟ್ ಒಳಗೆ ಎಷ್ಟು ಅಳಿಸಿದರೂ ಅಷ್ಟೇ. ನನ್ನ ಡ್ರೈವ್ ತುಂಬಿದ್ದೂ ಹೀಗೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ ಅಂದಿದ್ದೀರಿ, ವಿಎಂಗೆ 4 ಕೊಡಿ, ಅದಕ್ಕಿಂತ ಜಾಸ್ತಿ ಬೇಡ. "ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು" ಅನ್ನುವ ಆಯ್ಕೆ ನೋಡಿ ಹೆದರಬೇಡಿ. ವಿಎಂ ಒಳಗೆ ಅದಕ್ಕೆ ಕಾಣುವುದು ವರ್ಚುವಲ್ ಡಿಸ್ಕ್ ಮಾತ್ರ, ನಿಮ್ಮ ವಿಂಡೋಸನ್ನು ಅದು ಮುಟ್ಟುವುದಿಲ್ಲ. ಮುಗಿದ ಮೇಲೂ ಇನ್‌ಸ್ಟಾಲರ್ ಪರದೆಯೇ ಮತ್ತೆ ಬಂದರೆ, ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಐಎಸ್‌ಒ ಫೈಲ್ (ಉಬುಂಟು ಇನ್‌ಸ್ಟಾಲ್ ಮಾಡಲು ಬಳಸಿದ ಫೈಲ್) ಇನ್ನೂ ಸಿಕ್ಕಿಕೊಂಡಿದೆ ಅಂತ, ತೆಗೆಯಿರಿ.

ಕೆಲಸವನ್ನು ಮಾತ್ರ ವಿಎಂ ಒಳಗಷ್ಟೇ ಇಟ್ಟುಕೊಳ್ಳಬೇಡಿ. ಗೆಸ್ಟ್ ಅಡಿಷನ್ಸ್ (ಗೆಸ್ಟ್ ಒಳಗೆ ಹಾಕುವ ವರ್ಚುವಲ್‌ಬಾಕ್ಸ್‌ನದೇ ಪೂರಕ ಸಾಫ್ಟ್‌ವೇರ್) ಹಾಕಿ, ಶೇರ್ಡ್ ಫೋಲ್ಡರ್ (ವಿಂಡೋಸ್‌ನಲ್ಲಿದ್ದು ವಿಎಂ ಒಳಗೂ ಕಾಣುವ ಫೋಲ್ಡರ್) ಮಾಡಿ, ಅದನ್ನು ತೆರೆಯುವ ಅನುಮತಿಗಾಗಿ ಉಬುಂಟುವಿನಲ್ಲಿ ನಿಮ್ಮ ಯೂಸರನ್ನು ವಿಬಾಕ್ಸ್‌ಎಸ್‌ಎಫ್ (vboxsf) ಗ್ರೂಪಿಗೆ ಸೇರಿಸಿ. ಇದನ್ನು ಮರೆತರೆ ಫೋಲ್ಡರ್ ಕಾಣುತ್ತದೆ, ತೆರೆಯಲು ಬಿಡುವುದಿಲ್ಲ. ಶೇರ್ಡ್ ಫೋಲ್ಡರಿನಲ್ಲಿ ಸಿಮ್‌ಲಿಂಕ್ (ಬೇರೆ ಫೈಲಿನತ್ತ ತೋರಿಸುವ ಕೊಂಡಿ) ಸಾಮಾನ್ಯವಾಗಿ ಆಗುವುದಿಲ್ಲ, ಹಾಗಾಗಿ ಕೋಡ್‌ಗೆ ಗಿಟ್ (ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್) ಬಳಸಿ ಬೇರೆ ಕಡೆಗೆ ಪುಶ್ ಮಾಡುವುದೇ, ಅಂದರೆ ಕಳಿಸಿಡುವುದೇ ವಾಸಿ. ಇಡೀ ವಿಎಂ ಉಳಿಸಬೇಕಾ? ಪವರ್ ಆಫ್ ಮಾಡಿ, ಓವಿಎ (ಇಡೀ ವಿಎಂ ಹಿಡಿಸುವ ಒಂದೇ ಫೈಲ್) ಆಗಿ ಎಕ್ಸ್‌ಪೋರ್ಟ್ ಮಾಡಿ, ಆ ಫೈಲನ್ನು ಹೊರಗಿನ ಡಿಸ್ಕ್‌ಗೆ ಹಾಕಿ. ನನ್ನ ಪ್ರಕಾರ ಸ್ನ್ಯಾಪ್‌ಶಾಟ್ ಬೇಕಾಗುವುದು ಅಪ್‌ಗ್ರೇಡ್‌ನಂಥ ಅಪಾಯದ ಕೆಲಸಕ್ಕೆ ಮುಂಚೆ, ಸ್ವಲ್ಪ ಹೊತ್ತಿಗೆ ಮಾತ್ರ.

ಸ್ನ್ಯಾಪ್‌ಶಾಟ್ ಈಗಾಗಲೇ ತೆಗೆದಿಟ್ಟಿದ್ದರೆ ಮೊದಲು ಹೋಸ್ಟ್‌ನಲ್ಲಿ (ಅಂದರೆ ನಿಮ್ಮ ವಿಂಡೋಸ್‌ನಲ್ಲಿ) ಬೇರೆ ಫೈಲ್‌ಗಳನ್ನು ಸರಿಸಿ ಜಾಗ ಮಾಡಿ, ಫೈಲ್‌ಗಳು ಸೇರುವಾಗ ಹೆಚ್ಚುವರಿ ಜಾಗ ಬೇಕಾಗಬಹುದು. ಆಮೇಲೆ ಮೆನುವಿನಿಂದಲೇ ಡಿಲೀಟ್ ಕೊಡಿ. ಎಷ್ಟು ಹೊತ್ತಾದರೂ ನಡುವೆ ಲ್ಯಾಪ್‌ಟಾಪ್ ಆಫ್ ಮಾಡಬೇಡಿ.