ಬೋರ್‌ವೆಲ್ ಪುಡಿಯಿಂದ ಶುರು ಮಾಡಿ, ಚಿನ್ನದ ಹೆಸರು ಎತ್ತಬೇಡಿ

ಮಧುಗಿರಿಯಲ್ಲಿ ಊರವರಿಗೆಲ್ಲ ಕಲ್ಲು-ಬಂಡೆಗಳ ಬಗ್ಗೆ ಒಂದು ದಿನದ ಕಾರ್ಯಕ್ರಮ ಮಾಡಬೇಕು ಅಂತಿದ್ದೀರಿ. ಭೂವಿಜ್ಞಾನ ಅಂದರೆ ಜನ ಬರುವುದಿಲ್ಲ, ಏನು ಆಕರ್ಷಣೆ ಇಡೋಣ, ಕ್ವಿಜ್ಜಾ ಬಹುಮಾನವಾ ಅಂತ ಕೇಳಿದ್ದೀರಿ. ನಾನೂ ಒಮ್ಮೆ ಆಕರ್ಷಣೆ ಇಟ್ಟಿದ್ದೆ. ಅದರ ಕಥೆ ಮೊದಲು ಹೇಳುತ್ತೇನೆ.

ನಾನು ಕೋಲಾರ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮೂರ ಹೊರಗೆ ಒಬ್ಬ ರೈತರ ಹೊಲದ ಅಂಚಿನಲ್ಲಿ ಬೆಣಚುಕಲ್ಲಿನ ಒಂದು ಪಟ್ಟಿ ಇದೆ. ಸುತ್ತ ಬೂದು ಬಂಡೆ, ನಡುವೆ ಸುಣ್ಣ ಬಳಿದ ಮೋಟು ಗೋಡೆಯ ಹಾಗೆ ಬೆಳ್ಳಗೆ ಎದ್ದು ನಿಂತಿದೆ. ಬಂಡೆಯ ಬಿರುಕಿನಲ್ಲಿ ಬಿಸಿನೀರು ಹರಿದು, ಅದರಲ್ಲಿ ಕರಗಿದ್ದ ಸಿಲಿಕಾ ಪದರ ಪದರವಾಗಿ ಕೂತು ಆದದ್ದು ಅದು. ಕೆಜಿಎಫ್‌ನ ಚಿನ್ನ ಸಿಕ್ಕಿದ್ದೂ ಇಂಥ ಬೆಣಚುಕಲ್ಲಿನ ಪಟ್ಟಿಗಳಲ್ಲೇ. ಊರವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಬೇಕು ಅಂತ ನನಗೆ ಬಹಳ ಆಸೆ. ರೈತರೂ ಒಪ್ಪಿದರು. ಜನ ಬರಲಿ ಅಂತ ಕರಪತ್ರದಲ್ಲಿ ನಾನು ಹಾಕಿಸಿದ ಸಾಲು ಇದು: ‘ಚಿನ್ನದ ಜಿಲ್ಲೆಯಲ್ಲಿ ಚಿನ್ನದ ಕಲ್ಲು ನೋಡೋಣ ಬನ್ನಿ.’

ಅರವತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಮುನ್ನೂರು ದಾಟಿತು. ಪಕ್ಕದೂರಿನಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ನಾನು ಖುಷಿಯಿಂದ ಮೈಕ್ ಹಿಡಿದು, ಬೆಣಚುಕಲ್ಲು ಇದ್ದಲ್ಲೆಲ್ಲ ಚಿನ್ನ ಇರುವುದಿಲ್ಲ, ಕೆಜಿಎಫ್‌ನಲ್ಲೇ ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ ಸಿಗುತ್ತಿತ್ತು, 3 ಕಿಲೋಮೀಟರಿಗೂ ಆಳ ಇಳಿದಿದ್ದ ಆ ಗಣಿಯನ್ನು 2001ರ ಫೆಬ್ರವರಿಯಲ್ಲಿ ಮುಚ್ಚಿದರು, ಎಲ್ಲ ಹೇಳಿದೆ. ಯಾರ ಕಿವಿಗೂ ಬೀಳಲಿಲ್ಲ. ಒಬ್ಬ ಹುಡುಗ ಸಂದಿನಲ್ಲಿ ಮಿಂಚುವುದೇನನ್ನೋ ಕಂಡು ಕೂಗಿದ. ಅದು ಕಾಗೆಬಂಗಾರ. ಉಗುರಿನಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟು ಬಂತು. ತೋರಿಸಿದೆ, ನಕ್ಕರು, ಮನೆಗೆ ಹೋದರು.

ಆ ರಾತ್ರಿಯೇ ಯಾರೋ ಹಾರೆ ತಂದು ಪಟ್ಟಿಯ ಬುಡ ಅಗೆದಿದ್ದಾರೆ. ಮೂರು ರಾತ್ರಿ ಹಾಗೇ ನಡೆಯಿತು. ಬದು ಒಡೆಯಿತು, ತೆನೆ ಬಲಿತಿದ್ದ ರಾಗಿ ತುಳಿದು ನೆಲಸಮ ಆಯಿತು. ನಾಲ್ಕನೇ ದಿನ ಆ ಯಜಮಾನರು ಶಾಲೆಯ ಗೇಟಿನ ಹತ್ತಿರ ಬಂದು ನಿಂತರು. ಬೈಯಲಿಲ್ಲ. “ಟೀಚರಮ್ಮ, ನೀವು ಪಾಠ ಮಾಡ್ತೀರ ಅಂತ ಹೊಲ ಬಿಟ್ಟುಕೊಟ್ಟೆ. ನೀವು ಚಿನ್ನ ಅಂದ್ರಿ” ಅಂದರು. ಅಷ್ಟೇ.

ನಷ್ಟ ಕಟ್ಟಿಕೊಟ್ಟೆ, ನಾನೂ ನಮ್ಮ ಮನೆಯವರೂ ಎರಡು ಭಾನುವಾರ ಹೋಗಿ ಬದು ಹಾಕಿದೆವು. ಆದರೂ ಎರಡು ವರ್ಷ ಆ ಸುತ್ತಿನ ಯಾವ ಊರಿನವರೂ ತಮ್ಮ ಜಮೀನಿಗೆ ನನ್ನನ್ನು ಬಿಟ್ಟುಕೊಳ್ಳಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೋಡಿದವರೆಲ್ಲ ಇದನ್ನು ತಪ್ಪಾಗಿ ಅರ್ಥ ಮಾಡಿಕೊಂಡರು. ಹೆಡ್‌ಮಾಸ್ತರು ‘ಪೊಲೀಸರಿಗೆ ಒಂದು ಅರ್ಜಿ ಕೊಡಬೇಕಿತ್ತು’ ಅಂದರು. ಗೆಳತಿ ‘ಜಾಗ ತೋರಿಸಬಾರದಿತ್ತು’ ಅಂದಳು. ಅದಲ್ಲ. ಅರ್ಜಿ ಕೊಟ್ಟಿದ್ದರೆ ರಾಗಿ ಉಳಿಯುತ್ತಿತ್ತು, ನಿಜ, ಕಾರ್ಯಕ್ರಮ ಆಗಲೂ ಕೆಟ್ಟೇ ಇರುತ್ತಿತ್ತು. ಅಲ್ಲಿ ಇಲ್ಲದ ವಸ್ತುವಿನ ಹೆಸರು ಹೇಳಿ ಮುನ್ನೂರು ಜನರನ್ನು ಕರೆಸಿದ್ದೆ. ಅವರು ಅದನ್ನೇ ಹುಡುಕಿದರು. ಹಾಗಾಗಿ ಅಲ್ಲಿ ಇದ್ದದ್ದು ಯಾವುದೂ ಅವರಿಗೆ ಕಾಣಲೇ ಇಲ್ಲ. 250 ಕೋಟಿ ವರ್ಷಕ್ಕೂ ಹಳೆಯ ಬಂಡೆಯ ಮೇಲೆ ನಿಂತು, ಛೇ ಏನೂ ಇಲ್ಲ ಅಂತ ಹೋದರು. ಹಾಗೆ ಅನ್ನಿಸಿದ್ದು ಅವರಲ್ಲ, ನನ್ನ ಕರಪತ್ರ. ಕಲ್ಲಿನ ಮೇಲೆ ಜನಕ್ಕೆ ಆಸಕ್ತಿ ಇರುವುದಿಲ್ಲ ಅಂತ ನಾನೇ ಮೊದಲು ತೀರ್ಮಾನ ಮಾಡಿಬಿಟ್ಟಿದ್ದೆ. ನಿಮ್ಮ ಪ್ರಶ್ನೆಯಲ್ಲೂ ಅದೇ ತೀರ್ಮಾನ ಕೂತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೂರನೇ ವರ್ಷ ಶಾಲೆಯ ಪಕ್ಕದ ಜಮೀನಿನಲ್ಲಿ ಬೋರ್ ಕೊರೆಸಿದರು. ರಿಗ್ಗಿನ ಸದ್ದಿಗೆ ಪಾಠ ಸಾಗಲಿಲ್ಲ. ಮಕ್ಕಳ ಕೈಗೆ ಪ್ಲಾಸ್ಟಿಕ್ ಕವರ್ ಕೊಟ್ಟು ಕಳಿಸಿದೆ. ಒಂದು ರಾಡ್ 20 ಅಡಿ. ಒಂದೊಂದು ರಾಡ್ ಇಳಿದಾಗಲೂ ಒಂದು ಹಿಡಿ ಪುಡಿ ತಂದು, ಕವರಿನ ಮೇಲೆ ಅಡಿ ಬರೆದು, ಕಾಂಪೌಂಡಿನ ಹಗ್ಗಕ್ಕೆ ಸಾಲಾಗಿ ಕಟ್ಟಿದರು. ಸಂಜೆಗೆ ನಲವತ್ತು ಕವರ್, 800 ಅಡಿ. ಮೊದಲೆರಡು ಕೆಂಪು ಮಣ್ಣು. ಆಮೇಲೆ ಹಳದಿ ಗರಸು. 60 ಅಡಿ ಆದಮೇಲೆ ಬೂದು ಪುಡಿ, ಅದೇ ಬಣ್ಣ ಎಷ್ಟೋ ದೂರ. ನಡುವೆ ಐದು ಕವರ್ ಮಾತ್ರ ಕಡುಕಪ್ಪು. ಬೂದು ಬಂಡೆ ಬಿರುಕು ಬಿಟ್ಟಾಗ ಕೆಳಗಿನಿಂದ ಕರಗಿದ ಪಾಕವಾಗಿ ನುಗ್ಗಿ, ಆರಿ ಗಟ್ಟಿಯಾದ ಡೊಲರೈಟ್ ಅನ್ನುವ ಕರಿಕಲ್ಲು ಅದು. ಆ ಕಪ್ಪು ಮುಗಿಯುವ ಕಡೆ ಒಂದೇ ಒಂದು ಕವರಿನಲ್ಲಿ ಪುಡಿ ಒದ್ದೆಯಾಗಿ ಮುದ್ದೆ ಕಟ್ಟಿತ್ತು.

ಹಾಲು ಹಾಕಿ ಬರುವವರು ಬೈಕ್ ನಿಲ್ಲಿಸಿದರು. ಯಾರನ್ನೂ ನಾನು ಕರೆದಿರಲಿಲ್ಲ. ಒಬ್ಬರು ಹಗ್ಗದ ಉದ್ದಕ್ಕೂ ನಡೆದು, ಒದ್ದೆ ಕವರ್ ಹಿಸುಕಿ ನೋಡಿ, “ಇಲ್ಲೇ ಗ್ಯಾಪ್ ಸಿಕ್ಕಿರೋದು” ಅಂದರು. ಗ್ಯಾಪ್ ಅಂದರೆ ನೀರಿರುವ ಬಿರುಕು. ಇನ್ನೊಬ್ಬರು ತಮ್ಮದು 1,200 ಅಡಿ, ಬರೀ ಧೂಳು ಅಂದರು. ಐವತ್ತು ಅಡಿ ಆಚೆ ಅಣ್ಣನ ಬೋರಿನಲ್ಲಿ ಎರಡಿಂಚು ನೀರಿದೆ, ನನಗೆ ಯಾಕಿಲ್ಲ ಅಂತ ಮತ್ತೊಬ್ಬರು. ಭೂವಿಜ್ಞಾನದ ಪ್ರಶ್ನೆ ಅಂದರೆ ಇದೇ. ನಮ್ಮ ಗಟ್ಟಿ ಬಂಡೆ ಸ್ಪಂಜಿನ ಹಾಗೆ ನೀರು ಹಿಡಿಯುವುದಿಲ್ಲ. ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ, ಕೆಳಗೆ ಬಿರುಕುಗಳಲ್ಲಿ. ಅಣ್ಣನ ಬೋರು ಬಿರುಕನ್ನು ಮುಟ್ಟಿದೆ, ತಮ್ಮನದು ಮುಟ್ಟಿಲ್ಲ. ಇದನ್ನು ನಾನು ಹಗ್ಗದ ಪಕ್ಕದಲ್ಲೇ ನಿಂತು ಹೇಳಿದೆ. ಕತ್ತಲಾಗುವವರೆಗೂ ಯಾರೂ ಕದಲಲಿಲ್ಲ.

ಮುಂದಿನ ತಿಂಗಳು ಅದನ್ನೇ ಅರಳಿಕಟ್ಟೆಯ ಹತ್ತಿರ ಮಾಡಿದೆವು. ಅವತ್ತು ಎಂಟನೇ ಕ್ಲಾಸಿನ ಒಬ್ಬ ಹುಡುಗಿ, ಅಜ್ಜಿಯ ಹಲ್ಲು ಬೆಳ್ಳಗಿದೆ, ನನ್ನ ಹಲ್ಲು ಯಾಕೆ ಕಂದು ಅಂತ ಎಲ್ಲರೆದುರು ಕೇಳಿದಳು. ಅಜ್ಜಿ ಚಿಕ್ಕವರಿದ್ದಾಗ ಕುಡಿದದ್ದು ತೆರೆದ ಬಾವಿಯ ನೀರು. ಈ ಮಗು ಕುಡಿದದ್ದು ಆಳದ ಬಂಡೆಯಲ್ಲಿ ಬಹುಕಾಲ ನಿಂತು, ಅದರ ಖನಿಜಗಳಿಂದ ಫ್ಲೋರೈಡ್ ಕರಗಿಸಿಕೊಂಡ ನೀರು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅದು ಒಳಗೆ ಹೋದರೆ ಕಲೆ ಉಳಿದುಬಿಡುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಆ ವಾರವೇ ಹನ್ನೊಂದು ಮನೆಯವರು ನೀರನ್ನು ಪರೀಕ್ಷೆಗೆ ಕೊಟ್ಟರು. ಇದಕ್ಕೆ ಬಹುಮಾನ ಇಡುತ್ತೀರಾ?

ಕ್ವಿಜ್ ಬೇಡವೇ ಬೇಡ. ಗೊತ್ತಿಲ್ಲದವರನ್ನು ಎಲ್ಲರೆದುರು ಗೊತ್ತಿಲ್ಲದವರು ಅಂತ ತೋರಿಸುವ ಆಟ ಅದು. ವೇದಿಕೆ, ಹಾರ, ಉದ್ಘಾಟನೆಯೂ ಬೇಡ. ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ, ಕೈಗೆ ಕೊಡಿ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಬಂದರೆ ಅವರ ಜೊತೆ ವಾದಕ್ಕೆ ಇಳಿಯಬೇಡಿ. ವಾದ ಶುರುವಾದರೆ ಜನ ಕಲ್ಲು ಬಿಟ್ಟು ವಾದ ನೋಡುತ್ತಾರೆ.

ಕಲ್ಲು ಒಡೆಯುವ ಕಸುಬಿನ ಹಿರಿಯರೊಬ್ಬರನ್ನು ಕರೆಯಿರಿ, ಒಂದು ದಿನದ ಕೂಲಿ ಕೊಟ್ಟು ಕರೆಯಿರಿ. ನಮ್ಮಲ್ಲಿ ಬಂದವರು ಬಂಡೆಯ ಮೇಲೆ ಸುತ್ತಿಗೆಯಿಂದ ತಟ್ಟುತ್ತಾ ನಡೆದು, ಒಂದು ಕಡೆ ನಿಂತು, ಇಲ್ಲಿ ಪೊಳ್ಳು ಅಂದರು. ಮಕ್ಕಳು ಕಿವಿಯಿಟ್ಟು ಕೇಳಿದರು, ಸದ್ದು ಬೇರೆಯೇ ಇತ್ತು. ಮೊದಲೆಲ್ಲ ಸೌದೆ ಬೆಂಕಿಯನ್ನು ಬಂಡೆಯ ಮೇಲೆ ನಿಧಾನಕ್ಕೆ ಸರಿಸುತ್ತಾ, ಹೀಗೆ ಸದ್ದು ಕೇಳಿಕೊಂಡೇ ಚಪ್ಪಡಿ ಎಬ್ಬಿಸುತ್ತಿದ್ದರಂತೆ. ಕಾದ ಮೇಲ್ಪದರ ಹಿಗ್ಗುತ್ತದೆ, ತಣ್ಣಗಿರುವ ಕೆಳಗಿನದು ಹಿಗ್ಗುವುದಿಲ್ಲ, ನಡುವೆ ಬಿಟ್ಟುಕೊಳ್ಳುತ್ತದೆ.

ಮಧುಗಿರಿಯಲ್ಲಂತೂ ನಿಮಗೆ ಬೆಟ್ಟವೇ ಇದೆ. ಅದು ಕ್ಲೋಸ್‌ಪೇಟೆ ಗ್ರಾನೈಟ್, ರಾಮನಗರದ ಹಳೆಯ ಹೆಸರೇ ಆ ಶಿಲೆಗೆ ಉಳಿದಿದೆ. ಈ ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್ ಅನ್ನುವ ಖನಿಜದ ಗುಲಾಬಿ ಬಣ್ಣದ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಜೊತೆಗೆ ಕಲ್ಲುಸಕ್ಕರೆ ಒಯ್ಯಿರಿ. ಪಾಕ ನಿಧಾನಕ್ಕೆ ಆರಿದರೆ ಹರಳು ದೊಡ್ಡದು; ಇದು ಭೂಮಿಯ ಆಳದಲ್ಲಿ ಬಹಳ ನಿಧಾನಕ್ಕೆ ಆರಿದ ಕಲ್ಲು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಕೋಟಿಗೆ ಒಂದು ಹೆಜ್ಜೆಯಂತೆ 250 ಹೆಜ್ಜೆ ನಡೆಸಿ. ಡೈನೋಸಾರ್ ಅಳಿದದ್ದು ಕೊನೆಗೆ ಏಳು ಹೆಜ್ಜೆಯೂ ಉಳಿದಿಲ್ಲದಾಗ. ಮನುಷ್ಯ ಬಂದದ್ದು ಕಡೆಯ ಹೆಜ್ಜೆಯಲ್ಲಿ, ಹೆಬ್ಬೆರಳಿನ ಅಗಲ ಬಾಕಿ ಇದ್ದಾಗ.

ಕೋಟೆಯ ಬೆಟ್ಟಕ್ಕೆ ಸುತ್ತಿಗೆ ಒಯ್ಯಬೇಡಿ. ಒಡೆದು ನೋಡಲು ಜಲ್ಲಿ ರಾಶಿ ಬೇಕಾದಷ್ಟು ಸಿಗುತ್ತದೆ. ರಾಗಿ ಕುಯ್ಲು, ಕಣ ಎಲ್ಲ ಮುಗಿದ ಮೇಲೆ, ಶಿವರಾತ್ರಿಗೆ ಮುಂಚೆ ಒಂದು ಭಾನುವಾರ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹತ್ತರೊಳಗೆ ಬಂಡೆಯಿಂದ ಇಳಿಸಿಬಿಡಿ, ಆಮೇಲೆ ಕಾಲಿಡಲಾಗದಷ್ಟು ಕಾಯುತ್ತದೆ.